ನಿಂತ ಹೊತ್ತಿನ ಕೂಲಿ

ಆಗಸ್ಟಿನ ಒಂದು ಭಾನುವಾರ. ಕಾರವಾರದ ಮಳೆ ಗೊತ್ತಲ್ಲ, ಸಮುದ್ರದ ಕಡೆಯಿಂದ ಅಡ್ಡಕ್ಕೆ ಹೊಡೀತದೆ, ಕೊಡೆ ಇದ್ರೂ ಸೊಂಟದ ಕೆಳಗೆ ಎಲ್ಲಾ ಚಂಡಿ. ಪೂಜೆ ಮುಗಿಸಿ ಮೀನು ಏನಾದ್ರೂ ಸಿಗ್ತದಾ ನೋಡ್ವಾ ಅಂತ ಪೇಟೆ ಕಡೆ ಬಂದೋನು ಒಂದು ಬಿರಿಯಾನಿ ಹೋಟೆಲ್ ಪಕ್ಕ ಬಾಗಿಲು ಹಾಕಿದ ಅಂಗಡಿಯ ಮಾಡಿನ ಕೆಳಗೆ ನಿಂತೆ. ಅಲ್ಲಿ ಮೊದಲೇ ನಾಲ್ಕು ಫುಡ್ ಡೆಲಿವರಿ ಹುಡುಗ್ರು ಇದ್ರು, ಬೆನ್ನಿಗೆ ಚೌಕದ ಬ್ಯಾಗು, ಮೊಬೈಲು ಪ್ಲಾಸ್ಟಿಕ್ ಕೊಟ್ಟೆ ಒಳಗೆ, ಕೊಟ್ಟೆ ಬಾಯಿಗೆ ರಬ್ಬರ್ ಬ್ಯಾಂಡ್. ಬೆರಳು ಒದ್ದೆ ಇದ್ರೆ ಟಚ್ ಸರಿ ಕೆಲ್ಸ ಮಾಡೂದಿಲ್ಲ, ಅದ್ಕೆ ಒಬ್ಬ ಎರಡೆರಡು ನಿಮಿಷಕ್ಕೆ ಬೆರಳನ್ನ ಬನಿಯನ್ ಒಳಗೆ ಹಾಕಿ ಒರೆಸ್ಕೊಳ್ತಿದ್ದ. ಆರ್ಡರ್ ಬಂದ್ರೆ ಒತ್ತೂಕೆ ಸಿಗೂದು ಕೆಲವೇ ಸೆಕೆಂಡು, ಆಗ ಬೆರಳು ಜಾರಿದ್ರೆ ಅದು ಇನ್ನೊಬ್ಬನಿಗೆ ಹೋಯ್ತು.

ನಾಲ್ವರಲ್ಲಿ ಒಬ್ಬ ನನ್ನ ಅಕ್ಕನ ಮಗ.

"ಎಷ್ಟೊತ್ತಾಯ್ತೋ ಬಂದು?"

"ಹನ್ನೊಂದಕ್ಕೆ ಲಾಗಿನ್ ಆದೆ ಮಾಮಾ."

"ಎಷ್ಟು ಆರ್ಡರ್ ಬಂತು?"

"ಎರಡು."

ಆಗ ಗಂಟೆ ಒಂದೂವರೆ. ಎರಡೂವರೆ ತಾಸಲ್ಲಿ ಅವ ಗಾಡಿ ಓಡಿಸಿದ್ದು ಹೆಚ್ಚಂದ್ರೆ ಮುಕ್ಕಾಲು ತಾಸು, ಉಳಿದದ್ದೆಲ್ಲ ನಿಂತಿದ್ದೇ. ಆ ಹೊತ್ತಲ್ಲಿ ಮನೆಗೆ ಹೋಗೂ ಹಾಗಿಲ್ಲ, ಬೇರೆ ಕೆಲ್ಸ ಹಿಡಿಯೂ ಹಾಗಿಲ್ಲ, ಹೋಟೆಲ್ಲುಗಳು ಇರೂ ಜಾಗ ಬಿಟ್ಟು ದೂರ ಹೋದ್ರೆ ಫೋನು ಬಾಯಿ ಮುಚ್ಕೊಂಡು ಕೂತುಬಿಡ್ತದೆ. ಅಂದ್ರೆ ಅವ ಪೂರ್ತಿ ಕಂಪನಿ ಕೈಯಲ್ಲೇ ಇದ್ದಾನೆ, ಆದ್ರೆ ಕಂಪನಿ ಲೆಕ್ಕದಲ್ಲಿ ಆ ಹೊತ್ತು ಇಲ್ಲವೇ ಇಲ್ಲ. ಹೀಗೆ ಆ್ಯಪಲ್ಲಿ ಬಂದ ಒಂದೊಂದು ಆರ್ಡರಿಗೆ ಮಾತ್ರ ದುಡ್ಡು ಸಿಗೂ ಗಿಗ್ ಕೆಲಸ ಅಂದ ಕೂಡ್ಲೆ ನಾವು ದುಡ್ಡು ಕಮ್ಮಿ, ಪಿ.ಎಫ್. ಇಲ್ಲ, ಇನ್ಶೂರೆನ್ಸ್ ಇಲ್ಲ, ಹತ್ತು ನಿಮಿಷದ ಡೆಲಿವರಿಗೆ ಹುಡುಗ್ರು ಜೀವ ಬಿಡ್ತಾರೆ ಅಂತೆಲ್ಲ ಹೇಳ್ತೇವೆ, ಎಲ್ಲಾ ಹೌದು, ಅದ್ರಲ್ಲಿ ಸುಳ್ಳು ಒಂದೂ ಇಲ್ಲ, ಆದ್ರೂ ಈ ವ್ಯವಸ್ಥೆಯ ಬೇರು ಇರೂದು ಈ ನಿಂತ ಹೊತ್ತಲ್ಲೇ ಅಂತ ನನಗೆ ಅವತ್ತಿಂದ ಅನ್ಸ್ತಾ ಇದೆ. ಮತ್ತೆ ನಮ್ಮ ಬೈಬಲಲ್ಲಿ ಇದಕ್ಕೆ ನೇರ ತಾಗೂ ಒಂದು ಕತೆ ಉಂಟು, ಚಿಕ್ಕಂದಿನಿಂದ ಕೇಳಿ ಕೇಳಿ ಸವೆದುಹೋದ ಕತೆ.

ಮತ್ತಾಯನ ಶುಭಸಂದೇಶ, 20ನೇ ಅಧ್ಯಾಯ. ದ್ರಾಕ್ಷಿ ತೋಟದ ಯಜಮಾನ ಬೆಳಿಗ್ಗೆ ಬೇಗ ಹೋಗಿ ಕೂಲಿಯಾಳು ಕರೀತಾನೆ, ದಿನಕ್ಕೆ ಒಂದು ದೆನಾರಿ ಅಂತ ಮಾತಾಗ್ತದೆ. ಒಂಬತ್ತಕ್ಕೆ ಮತ್ತೆ ಪೇಟೆಗೆ ಹೋಗ್ತಾನೆ, ಹನ್ನೆರಡಕ್ಕೆ ಹೋಗ್ತಾನೆ, ಮೂರಕ್ಕೆ ಹೋಗ್ತಾನೆ, ಹೊತ್ತು ಮುಳುಗೂಕೆ ಒಂದು ತಾಸು ಇರೂವಾಗ್ಲೂ ಹೋಗ್ತಾನೆ. ಆಗ ಅಲ್ಲಿ ಇನ್ನೂ ನಿಂತಿದ್ದೋರನ್ನ ಕೇಳ್ತಾನೆ, ದಿನಪೂರ್ತಿ ಇಲ್ಲಿ ಸುಮ್ನೆ ಯಾಕೆ ನಿಂತಿದ್ದೀರಿ ಅಂತ. ಅವರ ಉತ್ತರ ಒಂದೇ ಸಾಲು: ನಮ್ಮನ್ನ ಯಾರೂ ಕೆಲಸಕ್ಕೆ ಕರೀಲಿಲ್ಲ. ಸಂಜೆ ಎಲ್ಲರಿಗೂ ಸಮ ಒಂದೊಂದು ದೆನಾರಿ. ಬೆಳಿಗ್ಗೆಯಿಂದ ಬಿಸಿಲಲ್ಲಿ ದುಡಿದೋರು ಗೊಣಗ್ತಾರೆ.

ಇಗರ್ಜಿಯಲ್ಲಿ ಇದನ್ನ ದೇವರ ಕೃಪೆಯ ಕತೆ ಅಂತ ಬೋಧಿಸ್ತಾರೆ, ಅದು ಸರಿಯೇ, ಸ್ವರ್ಗಸಾಮ್ರಾಜ್ಯ ಹೀಗಿರ್ತದೆ ಅಂತಲೇ ಯೇಸು ಶುರು ಮಾಡೂದು, ಅವರೇನು ಕಾರ್ಮಿಕ ಕಾನೂನು ಬರೀತಾ ಕೂತಿರ್ಲಿಲ್ಲ. ಆದ್ರೆ ಕತೆಯ ಸಾಮಾನು ಬಂದದ್ದು ಕೂಲಿ ಪೇಟೆಯಿಂದ. ಬೆಳಿಗ್ಗೆ ನಮ್ಮ ಸರ್ಕಲ್ಲುಗಳಲ್ಲಿ ಬಯಲುಸೀಮೆಯಿಂದ ಬಂದೋರು ಪಿಕಾಸಿ ಬುಟ್ಟಿ ಇಟ್ಕೊಂಡು ಯಾರಾದ್ರೂ ಕರೀತಾರಾ ಅಂತ ನಿಂತಿರ್ತಾರಲ್ಲ, ಅದೇ ಜನ. ದೆನಾರಿ ಅಂದ್ರೆ ಆಗಿನ ಕಾಲದ ಒಂದು ದಿನದ ಕೂಲಿ, ಮನೆಯ ಒಂದು ದಿನದ ಊಟ. ಒಂದು ತಾಸು ಕೆಲಸ ಸಿಕ್ಕಿದೋನ ಮಕ್ಕಳಿಗೆ ಒಂದೇ ತಾಸಿನ ಹಸಿವು ಇರೂದಾ? ಆ ಯಜಮಾನ ಕೆಲಸದ ಹನ್ನೆರಡನೇ ಒಂದು ಪಾಲಿಗೆ ಪೂರ್ತಿ ಕೂಲಿ ಕೊಟ್ಟ ಅಂದ್ರೆ ಉಳಿದ ಹನ್ನೊಂದು ತಾಸು ಅವರು ಪೇಟೆಯಲ್ಲಿ ನಿಂತದ್ದಕ್ಕೂ ಲೆಕ್ಕ ಇಟ್ಟ ಅಂತಾಯ್ತು. ನನಗೆ ಅದಕ್ಕಿಂತಲೂ ದೊಡ್ಡದಾಗಿ ಕಾಣೂದು ಅವ ಕೇಳಿದ ಪ್ರಶ್ನೆ. ಯಾಕೆ ನಿಂತಿದ್ದೀರಿ ಅಂತ ಒಬ್ಬ ಮನುಷ್ಯ ಇನ್ನೊಬ್ಬನ ಎದುರು ನಿಂತು ಕೇಳಿದ. ಆ್ಯಪಿಗೆ ನನ್ನ ಅಳಿಯ ಯಾವ ಮಾಡಿನ ಕೆಳಗೆ ನಿಂತಿದ್ದಾನೆ ಅಂತ ಮೀಟರ್ ಲೆಕ್ಕದಲ್ಲಿ ಗೊತ್ತು, ಆದ್ರೆ ಯಾಕೆ ಅಂತ ಅದು ಕೇಳೂದಿಲ್ಲ.

ಇದೇ ಕತೆಯಲ್ಲಿ ಕಂಪನಿಯೋರಿಗೆ ಇಷ್ಟ ಆಗೂ ಸಾಲೂ ಇದೆ, ಅದನ್ನ ಮುಚ್ಚಿಡಬಾರ್ದು. ನನ್ನ ದುಡ್ಡನ್ನ ನನಗೆ ಬೇಕಾದ ಹಾಗೆ ಕೊಡೂಕೆ ನನಗೆ ಹಕ್ಕಿಲ್ವಾ ಅಂತ ಯಜಮಾನ ಕೇಳ್ತಾನೆ. ಆದ್ರೆ ನೋಡಿ, ಅವ ಆ ಹಕ್ಕನ್ನ ಬಳಸಿದ್ದು ಮಾತಾದದ್ದಕ್ಕಿಂತ ಮೇಲೆ ಕೊಡೂಕೆ, ಒಬ್ಬನಿಗೂ ಕಮ್ಮಿ ಮಾಡೂಕಲ್ಲ. ಇಲ್ಲಿ ಇನ್ಸೆಂಟಿವ್ ಸ್ಲ್ಯಾಬು, ಅಂದ್ರೆ ಇಷ್ಟು ಆರ್ಡರ್ ಮುಗಿಸಿದ್ರೆ ಮೇಲೆ ಇಷ್ಟು ದುಡ್ಡು ಅನ್ನೂ ಲೆಕ್ಕ, ವಾರಕ್ಕೊಮ್ಮೆ ಬದಲಾಗ್ತದೆ, ಹದಿನೈದು ಆರ್ಡರ್ ಇದ್ದದ್ದು ಹದಿನೆಂಟಾಗ್ತದೆ, ಯಾರು ಮಾಡಿದ್ರು ಯಾಕೆ ಮಾಡಿದ್ರು ಅಂತ ಕೇಳೂಕೆ ಯಜಮಾನನ ಮುಖವೇ ಇಲ್ಲ.

ಕೆಲ್ಸ ಮಾಡದವ ಊಟ ಮಾಡಬಾರ್ದು ಅಂತ ಸಂತ ಪೌಲರೇ ಬರೆದಿದ್ದಾರಲ್ಲ ಅಂತ ನಮ್ಮಲ್ಲೇ ಕೆಲವರು ಹೇಳ್ತಾರೆ. ಪೌಲರು ಬರೆದದ್ದು ಕೆಲ್ಸ ಮಾಡೂಕೆ ಮನಸ್ಸಿಲ್ಲದವನ ಬಗ್ಗೆ. ಮಳೆಯಲ್ಲಿ ಬೆರಳು ಒರೆಸ್ಕೊಂಡು ನಿಂತೋನಿಗೆ ಅದು ತಾಗೂದಿಲ್ಲ.

ಇದು ನಾಲ್ಕು ಹುಡುಗ್ರ ವಿಷ್ಯ ಅಲ್ಲ. ನೀತಿ ಆಯೋಗ 2022ರಲ್ಲಿ ಕೊಟ್ಟ ವರದಿ ಪ್ರಕಾರ 2020-21ರಲ್ಲಿ ದೇಶದಲ್ಲಿ ಸುಮಾರು 77 ಲಕ್ಷ ಗಿಗ್ ಕೆಲಸಗಾರರು, 2029-30ಕ್ಕೆ 2.35 ಕೋಟಿ ಆಗ್ತಾರಂತೆ. ನಮ್ಮ ಜಿಲ್ಲೆಯಿಂದ ಬೆಂಗಳೂರಿಗೆ, ಗೋವಾಕ್ಕೆ ಹೋದ ಹುಡುಗ್ರಲ್ಲಿ ಈ ಬ್ಯಾಗ್ ಹಾಕ್ಕೊಂಡೋರು ಪ್ರತಿ ಕೇರಿಗೂ ಸಿಗ್ತಾರೆ, ಊರಲ್ಲೇ ಉಳಿದೋರೂ ಈಗ ಇದ್ದಾರೆ. ಊರಲ್ಲಿ ಕಾಯೂದು ಇನ್ನೂ ಹೆಚ್ಚು, ಯಾಕಂದ್ರೆ ಆರ್ಡರೇ ಕಮ್ಮಿ. ಕಾಳಿ ಸೇತುವೆ ದಾಟಿ ಸದಾಶಿವಗಡಕ್ಕೆ ಕೊಟ್ಟು ಬಂದ್ರೆ ವಾಪಸ್ ಬರೂದು ಖಾಲಿ, ಆ ಪೆಟ್ರೋಲು ಅವನದ್ದೇ. 2024ರ ಆಗಸ್ಟಲ್ಲಿ ಹಳೇ ಸೇತುವೆ ನದಿಗೆ ಬಿದ್ದಮೇಲೆ ಎರಡೂ ಕಡೆ ಗಾಡಿಗಳು ಒಂದೇ ಸೇತುವೆ ಮೇಲೆ ಹೋಗೂ ಹಾಗಾದಾಗ ಅಲ್ಲಿ ಸಿಕ್ಕಿಬಿದ್ದು ಲೇಟಾದ್ರೂ ರೇಟಿಂಗು ಹುಡುಗನಿಗೇ ಬಿತ್ತು.

ಇನ್ನು ಆ 'ಪಾರ್ಟ್ನರ್' ಅನ್ನೂ ಶಬ್ದ. ನನ್ನ ಅಳಿಯ ಕಂಪನಿಯ ಪಾರ್ಟ್ನರ್ ಅಂತೆ, ನೌಕರ ಅಲ್ವಂತೆ. ಬೈಕು ಅವನದ್ದು, ಪೆಟ್ರೋಲು ಅವನದ್ದು, ಫೋನು ಅವನದ್ದು, ರೈನ್‌ಕೋಟು ಅವನದ್ದು, ಬ್ಯಾಗು ಟೀಶರ್ಟಿನ ದುಡ್ಡು ಕೂಡ ಶುರುವಲ್ಲೇ ಕಟ್ ಆಗಿದೆ. ವಿಮೋಚನಕಾಂಡದ 5ನೇ ಅಧ್ಯಾಯ ಓದಿದೋರಿಗೆ ಇದು ಹೊಸದಲ್ಲ. ಇಸ್ರಯೇಲರು ರಜೆ ಕೇಳಿದ್ದಕ್ಕೆ ಫರೋಹನಿಗೆ ಸಿಟ್ಟು ಬಂದು ಇನ್ಮೇಲೆ ಇಟ್ಟಿಗೆಗೆ ಬೇಕಾದ ಹುಲ್ಲು ನಾವು ಕೊಡೂದಿಲ್ಲ, ನೀವೇ ಹುಡುಕಿ ತನ್ನಿ, ಇಟ್ಟಿಗೆ ಲೆಕ್ಕ ಮಾತ್ರ ಒಂದೂ ಕಮ್ಮಿ ಆಗಬಾರ್ದು ಅಂತ ಹೇಳ್ತಾನೆ. ಹುಲ್ಲು ಹುಡುಕೂ ಹೊತ್ತು ಯಾರ ಲೆಕ್ಕಕ್ಕೂ ಬರೂದಿಲ್ಲ, ಇಟ್ಟಿಗೆ ಮಾತ್ರ ಎಣಿಸ್ತಾರೆ. ನನಗೆ ಬೈಬಲಲ್ಲಿ ಟಾರ್ಗೆಟ್ ಅನ್ನೂದು ಮೊದಲು ಕಂಡದ್ದು ಅಲ್ಲಿ.

ಒಪ್ಪಿಗೆ ಕೊಟ್ಟೇ ಸೇರಿದ್ದಲ್ವಾ, ಯಾರೂ ಕೈ ಹಿಡಿದು ಎಳೀಲಿಲ್ಲ ಅಲ್ವಾ ಅನ್ನೂದು ಇನ್ನೊಂದು ವಾದ. ಇದಕ್ಕೆ ಧರ್ಮಸಭೆ ಉತ್ತರ ಕೊಟ್ಟು ನೂರ ಮೂವತ್ತು ವರ್ಷದ ಮೇಲಾಯ್ತು. 1891ರ ಮೇ 15ಕ್ಕೆ ಹದಿಮೂರನೇ ಲಿಯೋ ಜಗದ್ಗುರುಗಳು, ಅಂದ್ರೆ ಆಗಿನ ಪೋಪ್, 'ರೇರುಮ್ ನೊವಾರುಮ್' ಅಂತ ಒಂದು ವಿಶ್ವಪತ್ರ ಬರೆದ್ರು, ಕಾರ್ಖಾನೆ ಕಾಲದ ಕಾರ್ಮಿಕರ ಬಗ್ಗೆ. ಅದ್ರಲ್ಲಿ ಒಂದು ಮಾತಿದೆ: ಗತಿಯಿಲ್ಲದೆಯೋ, ಇದಕ್ಕಿಂತ ಕೆಟ್ಟದ್ದು ಬಂದೀತು ಅನ್ನೂ ಹೆದರಿಕೆಯಿಂದಲೋ ಕಾರ್ಮಿಕ ಕಠಿಣ ಶರತ್ತಿಗೆ ಒಪ್ಪಿದ್ರೆ ಅವ ಬಲಾತ್ಕಾರಕ್ಕೂ ಅನ್ಯಾಯಕ್ಕೂ ಬಲಿಯಾದ ಹಾಗೆ. ಅಂದ್ರೆ 'ಐ ಅಗ್ರೀ' ಒತ್ತಿದ್ದೊಂದೇ ನ್ಯಾಯಕ್ಕೆ ಸಾಕ್ಷಿ ಆಗೂದಿಲ್ಲ. 2025ರ ಮೇ ತಿಂಗಳಲ್ಲಿ ಆರಿಸಿ ಬಂದ ಈಗಿನ ಜಗದ್ಗುರುಗಳು ಹದಿನಾಲ್ಕನೇ ಲಿಯೋ ಅಂತ ಹೆಸರು ಇಟ್ಕೊಂಡದ್ದೂ ಇದೇ ಪತ್ರದ ನೆನಪಿಗೆ, ಎ.ಐ. ಕಾಲದಲ್ಲಿ ಮನುಷ್ಯನ ಘನತೆ, ನ್ಯಾಯ, ದುಡಿಮೆ ಈ ಮೂರೂ ಹೊಸ ಸವಾಲಿಗೆ ಸಿಕ್ಕಿವೆ ಅಂತ ಕಾರ್ಡಿನಲ್‌ಗಳ ಎದುರು ಅವರೇ ಹೇಳಿದ್ರು.

ಎರಡನೇ ಜಾನ್ ಪೌಲ್ ಜಗದ್ಗುರುಗಳ 1981ರ 'ಲಬೋರೆಮ್ ಎಕ್ಸರ್ಚೆನ್ಸ್' ಪತ್ರ ಇನ್ನೂ ಹತ್ತಿರ ಬರ್ತದೆ. ಅವರು ಸ್ವತಃ ಪೋಲೆಂಡಿನ ಕಲ್ಲುಕೋರೆಯಲ್ಲಿ, ಆಮೇಲೆ ಕೆಮಿಕಲ್ ಕಾರ್ಖಾನೆಯಲ್ಲಿ ದುಡಿದೋರು, ಸುಮ್ನೆ ಪುಸ್ತಕ ಓದಿ ಬರೆದದ್ದಲ್ಲ. ದುಡಿಮೆಗೆ ಬೆಲೆ ಬರೂದು ಏನು ಮಾಡಿದ ಅನ್ನೂದ್ರಿಂದ ಮೊದಲಲ್ಲ, ಮಾಡಿದೋನು ಒಬ್ಬ ಮನುಷ್ಯ ಅನ್ನೂದ್ರಿಂದ ಅಂತ ಅವರ ವಾದ. ಆದಿಕಾಂಡದಲ್ಲಿ ದೇವರು ಮನುಷ್ಯನನ್ನ ತನ್ನ ಸ್ವರೂಪದಲ್ಲಿ ಉಂಟುಮಾಡಿದ ಅಂತ ಇದೆಯಲ್ಲ, ಆ ಸ್ವರೂಪ ಪಾರ್ಸೆಲ್ ಎತ್ತಿದ ಕ್ಷಣಕ್ಕೆ ಆನ್ ಆಗಿ ಓ.ಟಿ.ಪಿ. ಹೇಳಿದ ಕೂಡ್ಲೆ ಆಫ್ ಆಗೂದಲ್ಲ. ಗಿಗ್ ವ್ಯವಸ್ಥೆ ನಿಂತಿರೂದು ಇದರ ಪೂರ್ತಿ ಉಲ್ಟಾ ಲೆಕ್ಕದ ಮೇಲೆ, ಅಲ್ಲಿ ಇರೂದು ಟ್ರಿಪ್ಪು, ಮನುಷ್ಯ ಟ್ರಿಪ್ಪಿಗೆ ಅಂಟಿಕೊಂಡು ಬಂದ ಸಾಮಾನು. ಅದೇ ಪತ್ರದಲ್ಲಿ 'ಪರೋಕ್ಷ ಮಾಲೀಕ' ಅಂತ ಒಂದು ಮಾತೂ ಇದೆ, ಸಂಬಳ ಕೈಗೆ ಕೊಡೂ ಮಾಲೀಕ ಒಬ್ಬನೇ ಅಲ್ಲ, ಆ ಕೆಲಸದ ಶರತ್ತು ಹೇಗಿರ್ಬೇಕು ಅಂತ ತೀರ್ಮಾನ ಮಾಡೂ ಕಾನೂನು, ಸರಕಾರ, ಸಂಸ್ಥೆಗಳೂ ಒಂಥರಾ ಮಾಲೀಕರೇ, ಅವಕ್ಕೂ ಹೊಣೆ ಇದೆ ಅಂತ. ನಾನು ಜಾನ್ ಪೌಲರಷ್ಟು ಓದಿದೋನಲ್ಲ, ಆದ್ರೂ ಮನೆಯಲ್ಲಿ ಕೂತು ಆರ್ಡರ್ ಮಾಡೂ ನಮ್ಮನ್ನೂ ಆ ಪಟ್ಟಿಗೆ ಸೇರಿಸಬೌದು ಅಂತ ನನ್ನ ಅಂದಾಜು.

ಈಗ ಕಾನೂನಿಗೆ ಬರ್ವಾ. ಕರ್ನಾಟಕದಲ್ಲಿ 2025ರ ಮೇ ತಿಂಗಳಲ್ಲಿ ಗಿಗ್ ಕಾರ್ಮಿಕರಿಗೆ ಅಂತಲೇ ಸುಗ್ರೀವಾಜ್ಞೆ ಬಂತು, ಆಗಸ್ಟಲ್ಲಿ ವಿಧಾನಮಂಡಲದಲ್ಲಿ ಮಸೂದೆ ಪಾಸಾಯ್ತು. ಒಳ್ಳೇದು ತುಂಬಾ ಇದೆ. ಕಾರ್ಮಿಕರ ನೋಂದಣಿ, ಒಂದು ಕಲ್ಯಾಣ ಮಂಡಳಿ, ಪ್ರತಿ ಟ್ರಿಪ್ಪಿಗೆ ಕೆಲಸಗಾರನಿಗೆ ಕೊಡೂ ದುಡ್ಡಿನ ಶೇ. 1ರಿಂದ 5ರಷ್ಟು ಶುಲ್ಕ ಕಂಪನಿಯಿಂದ ಆ ನಿಧಿಗೆ, ಐಡಿ ಬಂದ್ ಮಾಡೂಕೆ ಮೊದಲು ಕಾರಣ ಬರೆದು 14 ದಿನದ ನೋಟಿಸು, ಕರಾರು ಅರ್ಥ ಆಗೂ ಭಾಷೆಯಲ್ಲಿ. ಮಾತಾಡೂಕೆ ಒಬ್ಬ ಮನುಷ್ಯ ಸಿಗ್ಬೇಕು ಅಂತಾನೂ ಹೇಳಿದ್ದಾರೆ, ಇದನ್ನ ಓದಿದಾಗ ನನಗೆ ನಗೂದಾ ಅಳೂದಾ ಗೊತ್ತಾಗ್ಲಿಲ್ಲ, ದುಡಿಯೂ ಜಾಗದಲ್ಲಿ ಮಾತಾಡೂಕೆ ಒಬ್ಬ ಮನುಷ್ಯ ಬೇಕು ಅಂತ ಕಾನೂನು ಮಾಡೂ ಕಾಲಕ್ಕೆ ಬಂದೆವಲ್ಲ. ಕೇಂದ್ರದ ಸಾಮಾಜಿಕ ಭದ್ರತಾ ಸಂಹಿತೆ 2020ರದ್ದು, ಜಾರಿ ಆದದ್ದು 2025ರ ನವೆಂಬರ್ 21ಕ್ಕೆ, ಅದ್ರಲ್ಲಿ ಕಂಪನಿಗಳು ವರ್ಷದ ವಹಿವಾಟಿನ ಶೇ. 1ರಿಂದ 2 ನಿಧಿಗೆ ಕೊಡ್ಬೇಕು.

ಆದ್ರೆ ಗಮನಿಸಿ, ಎರಡರಲ್ಲೂ ನಿಂತ ಹೊತ್ತಿಗೆ ಜಾಗ ಇಲ್ಲ. ಒಂದು ಟ್ರಿಪ್ಪಿಂದ ಲೆಕ್ಕ ಹಿಡೀತದೆ, ಇನ್ನೊಂದು ಕಂಪನಿ ವಹಿವಾಟಿಂದ. ಬಿದ್ದಾಗ ಆಸ್ಪತ್ರೆ ಖರ್ಚಿಗೆ ಆದೀತು, ಇವತ್ತಿನ ಒಲೆಗೆ ಆಗೂದಿಲ್ಲ.

ಹೊರಗೆ ಈ ಜಗಳ ಕೋರ್ಟಿಗೇ ಹೋಗಿದೆ. ಬ್ರಿಟನ್ನಿನ ಸುಪ್ರೀಂ ಕೋರ್ಟು 2021ರ ಫೆಬ್ರವರಿಯಲ್ಲಿ ಉಬರ್ ಕೇಸಲ್ಲಿ, ಡ್ರೈವರ್ ತನ್ನ ಏರಿಯಾದಲ್ಲಿ ಆ್ಯಪ್ ಆನ್ ಮಾಡಿ ಟ್ರಿಪ್ಪಿಗೆ ತಯಾರಾಗಿ ನಿಂತ ಹೊತ್ತೂ ದುಡಿಮೆಯ ಹೊತ್ತೇ ಅಂತ ತೀರ್ಪು ಕೊಟ್ತು. ಅದಕ್ಕೆ ಮೂರು ತಿಂಗಳ ಮೊದಲು ಕ್ಯಾಲಿಫೋರ್ನಿಯಾದಲ್ಲಿ ಕಂಪನಿಗಳು 20 ಕೋಟಿ ಡಾಲರಿಗೂ ಮೇಲೆ ಖರ್ಚು ಮಾಡಿ ಜನರ ವೋಟಲ್ಲಿ ಗೆದ್ದ ನಿಯಮ ಉಲ್ಟಾ, ಕನಿಷ್ಠ ಕೂಲಿಯ ಶೇ. 120 ಕೊಡ್ತೇವೆ, ಆದ್ರೆ ಆರ್ಡರ್ ಒಪ್ಪಿದಲ್ಲಿಂದ ಮುಗಿಸೂವರೆಗೆ ಮಾತ್ರ. ಅಷ್ಟು ದುಡ್ಡು ಸುರಿದದ್ದು ಯಾಕೆ ಅಂತ ಯೋಚನೆ ಮಾಡಿ. ನ್ಯೂಯಾರ್ಕ್ ನಗರದಲ್ಲಿ 2023ರ ಕೊನೆಯಿಂದ ಫುಡ್ ಡೆಲಿವರಿಯೋರಿಗೆ ಕಾಯೂ ಹೊತ್ತೂ ಸೇರಿಸಿ ತಾಸಿಗೆ 17.96 ಡಾಲರ್ ಅಂತ ಶುರು ಮಾಡಿದ್ರು, ಆಗ ಏನಾಯ್ತು ಅಂದ್ರೆ ಕಂಪನಿಗಳು ಬೇಕಾದಾಗ ಲಾಗಿನ್ ಆಗೂಕೇ ಬಿಡೂದು ಕಮ್ಮಿ ಮಾಡಿದ್ವು. ನೋಡಿ ಹೇಳಿದ್ದೆ ಅಲ್ವಾ, ಕೊಡೂಕೆ ಹೋದ್ರೆ ಕೆಲಸವೇ ಹೋಗ್ತದೆ ಅಂತ ಕೆಲವರು ಖುಷಿ ಪಡ್ತಾರೆ. ನನಗೆ ಅದ್ರಲ್ಲಿ ಕಂಡದ್ದು ಬೇರೆ. ಪುಕ್ಕಟೆ ಇದ್ದಾಗ ಎಷ್ಟು ಜನ ಬೇಕಾದ್ರೂ ನಿಲ್ಲಿಸಿಟ್ಕೊಳ್ತಿದ್ರು, ಬೆಲೆ ಕಟ್ಟಿದ ಕೂಡ್ಲೆ ಎಣಿಸೂಕೆ ಶುರು ಮಾಡಿದ್ರು. ಅಂದ್ರೆ ಆ ನಿಲ್ಲೂದಕ್ಕೆ ಮೊದಲಿಂದ್ಲೂ ಬೆಲೆ ಇತ್ತು. ನಿಮ್ಮ ಬಿರಿಯಾನಿ ಬಿಸಿಬಿಸಿ ಬರೂದು ಹೋಟೆಲ್ ಬಾಗಿಲಲ್ಲಿ ನಾಲ್ಕು ಜನ ಸುಮ್ನೆ ನಿಂತಿದ್ದಕ್ಕೇ ಹೊರತು ಆ್ಯಪಿನ ಮಂತ್ರದಿಂದಲ್ಲ.

ನಮ್ಮ ಕರಾವಳಿಗೆ ಪಾಲಿನ ದುಡಿಮೆ ಹೊಸದೇನೂ ಅಲ್ಲ. ಬೋಟಿಗೆ ಹೋದೋರಿಗೆ ಸಂಬಳ ಅಂತ ಇಲ್ಲ, ಹಿಡಿದ ಮೀನಲ್ಲಿ ಪಾಲು, ಮೀನಿಲ್ಲದಿದ್ರೆ ಪಾಲೂ ಇಲ್ಲ. ಆದ್ರೆ ಬಲೆ ಖಾಲಿ ಬಂದ ದಿನವೂ ಬೋಟಿನ ಊಟ ಇತ್ತು, ಬಾಟಾ ಅಂತ ಕೈಗೆ ಒಂದಿಷ್ಟು ಬರ್ತಿತ್ತು. ರಂಪಣಿ ಬಲೆ ಎಳೆಯೂ ಕಾಲದಲ್ಲಿ ಹಗ್ಗಕ್ಕೆ ಕೈ ಹಾಕಿದ ಮುದುಕರಿಗೂ ಒಂದು ಮುಷ್ಟಿ ಬಂಗಡೆ ಸಿಗ್ತಿತ್ತು ಅಂತ ನಮ್ಮ ಅಜ್ಜ ಹೇಳ್ತಿದ್ರು. ಆ ಕಾಲ ಸ್ವರ್ಗ ಆಗಿತ್ತು ಅಂತಲ್ಲ, ಅಡ್ವಾನ್ಸ್ ತಗೊಂಡು ವರ್ಷಗಟ್ಲೆ ಒಬ್ಬನ ಬೋಟಿಗೇ ಕಟ್ಟಿಬಿದ್ದೋರ ಕತೆಯೂ ನನಗೆ ಗೊತ್ತು. ಆದ್ರೂ ನಷ್ಟ ಆದ ದಿನ ಮಾಲೀಕನೂ ಅದೇ ದಕ್ಕೆಯಲ್ಲಿ ಮುಖ ಸಣ್ಣ ಮಾಡ್ಕೊಂಡು ನಿಂತಿರ್ತಿದ್ದ, ಬೈಯೂಕಾದ್ರೂ ಸಿಗ್ತಿದ್ದ.

ಅಳಿಯನಿಗೆ ಇದೆಲ್ಲ ಹೇಳಿದ್ರೆ ಅವ ಒಪ್ಪೂದಿಲ್ಲ, ಅದನ್ನೂ ಬರೀಬೇಕು. ಗೋವಾದಲ್ಲಿ ಒಂದು ಹೋಟೆಲಲ್ಲಿ ಎರಡು ವರ್ಷ ಇದ್ದ, ವಾರದ ರಜೆ ಇಲ್ಲ, ಮ್ಯಾನೇಜರ್ ಎಲ್ಲರೆದುರು ಬೈತಿದ್ದ. "ಇಲ್ಲಿ ಯಾರೂ ಬೈಯೂದಿಲ್ಲ ಮಾಮಾ, ಅಮ್ಮನ್ನ ಆಸ್ಪತ್ರೆಗೆ ಕರ್ಕೊಂಡು ಹೋಗ್ಬೇಕಂದ್ರೆ ಆಫ್ ಮಾಡಿ ಹೋಗ್ತೆ, ರಜೆ ಕೇಳೂಕಿಲ್ಲ" ಅಂದ. ಘನತೆ ಅನ್ನೂದ್ರಲ್ಲಿ ಅದೂ ಸೇರ್ತದೆ, ಇಲ್ಲ ಅನ್ನೂಕಾಗೂದಿಲ್ಲ. ನಾವು ಪಟ್ಟಾಗಿ ಕೂತು ಗಿಗ್ ಬೇಡ, ಪರ್ಮನೆಂಟ್ ಕೆಲಸ ಬೇಕು ಅಂತ ಭಾಷಣ ಬಿಟ್ರೆ ಅವನಿಗೆ ನೆನಪಾಗೂದು ಆ ಮ್ಯಾನೇಜರ್. ಆದ್ರೆ ಅವ ಆಫ್ ಮಾಡ್ಕೊಳ್ಳೂ ಸ್ವಾತಂತ್ರ್ಯಕ್ಕೂ ಲೆಕ್ಕ ಇದೆ, ಭಾನುವಾರ ಆಫ್ ಮಾಡಿದ್ರೆ ವಾರದ ಇನ್ಸೆಂಟಿವ್ ಹೋಯ್ತು, ಹಾಗಾಗಿ ಅವ ಇಗರ್ಜಿಗೆ ಬರದೆ ಎಷ್ಟೋ ತಿಂಗಳಾಯ್ತು. ಧರ್ಮೋಪದೇಶಕಾಂಡದಲ್ಲಿ ಸಬ್ಬತ್ ದಿನದ ಆಜ್ಞೆ ಕೊಡೂವಾಗ ನಿನ್ನ ಆಳೂ ನಿನ್ನ ಹಾಗೇ ವಿಶ್ರಾಂತಿ ತಗೊಳ್ಲಿ, ನೀನೂ ಈಜಿಪ್ಟಲ್ಲಿ ಆಳಾಗಿದ್ದೆ ಅಂತ ನೆನಪಿಡು ಅಂತ ಇದೆ. ಅಂದ್ರೆ ನನ್ನ ಭಾನುವಾರ ನನ್ನೊಬ್ಬನ ಪೂಜೆಗೆ ಮುಗಿಯೂದಿಲ್ಲ. ಅದೇ ಪುಸ್ತಕ 24ನೇ ಅಧ್ಯಾಯದಲ್ಲಿ ಬಡ ಕೂಲಿಯವನ ಕೂಲಿಯನ್ನ ಹೊತ್ತು ಮುಳುಗೂ ಮೊದಲು ಕೊಡು, ಅವನ ಜೀವ ಅದ್ರಲ್ಲೇ ಇದೆ ಅಂತ ಹೇಳ್ತದೆ, ಇಲ್ಲಿ ವಾರಕ್ಕೊಮ್ಮೆ ಸೆಟಲ್‌ಮೆಂಟು.

ನಾವೇನು ಕಮ್ಮಿ ಅಂತ ಕೇಳ್ಬೇಡಿ. ಹೋದ ಕ್ರಿಸ್ಮಸ್ ಹೊತ್ತಿಗೆ ನಮ್ಮ ಕ್ವಾಯರ್ ಪ್ರಾಕ್ಟೀಸ್ ಮುಗಿದು ರಾತ್ರಿ ಊಟ ತರಿಸಿದ್ವಿ. ಹುಡುಗ ಗೇಟಲ್ಲಿ ಬಂದು ನಿಂತ, ನಮ್ಮದು ಒಂದು ಹಾಡು ಬಾಕಿ ಇತ್ತು, ಮುಗಿಸಿ ಹೋಗ್ವಾ ಅಂತ ಹಾಡ್ತಾ ಕೂತ್ವಿ, ಅವ ಎರಡು ಸಲ ಫೋನ್ ಮಾಡಿದ. ಒಳಗೆ ಬಾ ಕೂತ್ಕೋ ಅಂತ ಒಬ್ಬರೂ ಹೇಳ್ಲಿಲ್ಲ, ನಾನೂ ಹೇಳ್ಲಿಲ್ಲ. ಹಾಡು ಬಾಲಯೇಸುವಿಗೆ ಛತ್ರದಲ್ಲಿ ಜಾಗ ಸಿಗಲಿಲ್ಲ ಅನ್ನೂದರ ಬಗ್ಗೆ.

ಕೂಲಿ ಕೊಡೂದು ನಮ್ಮ ಕೈಲಿಲ್ಲ, ಅದಕ್ಕೆ ಕಾನೂನಲ್ಲಿ ಲಾಗಿನ್ ಹೊತ್ತು ಎಣಿಸೂ ಒಂದು ಸಾಲು ಬೇಕು, ಆ ಕೇಳ್ಕೆಯನ್ನ ಕಲ್ಯಾಣ ಮಂಡಳಿ ಎದುರು ಇಡೂಕೆ ಸಂಘಗಳು ಬೇಕು, ಕ್ರೈಸ್ತ ಸಂಸ್ಥೆಗಳು ಅವರ ಜೊತೆ ನಿಲ್ಲಬೌದು. ಆದ್ರೆ ನಿಲ್ಲೂಕೆ ಜಾಗ ಕೊಡೂದು ನಮ್ಮ ಕೈಲಿದೆ. 2025ರಲ್ಲಿ ಚೆನ್ನೈ ಮಹಾನಗರ ಪಾಲಿಕೆ ಇವರಿಗೆ ಅಂತ ಎ.ಸಿ. ಕೋಣೆ ಮಾಡಿತು, ಕೂರೂಕೆ ಬೆಂಚು, ಚಾರ್ಜಿಂಗು, ಶೌಚಾಲಯ. ನಮ್ಮ ಇಗರ್ಜಿಯ ಹಾಲ್ ರೋಡ್ ಬದಿಗೇ ಇದೆ, ವಾರದಲ್ಲಿ ಐದು ದಿನ ಬೀಗ. ಜಗುಲಿ ಮತ್ತೆ ಹೊರಗಿನ ನಲ್ಲಿ, ಶೌಚಾಲಯ ಬೆಳಿಗ್ಗೆ ಹತ್ತರಿಂದ ರಾತ್ರಿ ಹತ್ತರವರೆಗೆ ತೆಗೆದಿಡ್ವಾ ಅಂತ ನಾನು ಫಾದರ್ ಹತ್ರ ಕೇಳಿದೆ, ಅವರು ಕೌನ್ಸಿಲ್ ಮೀಟಿಂಗಿಗೆ ತನ್ನಿ ಅಂದ್ರು. ತಂದೆ. ಒಬ್ರು ಗಲೀಜು ಆಗ್ತದೆ ಅಂದ್ರು, ಒಬ್ರು ಸಿ.ಸಿ. ಕ್ಯಾಮೆರಾ ಹಾಕಿಸ್ಬೇಕು ಅಂದ್ರು, ಒಬ್ರು ಬರೂ ಹುಡುಗ್ರು ಎಲ್ಲಾ ನಮ್ಮವರೇ ಏನು ಅಂತ ಕೇಳಿದ್ರು, ಅದಕ್ಕೆ ಫಾದರ್ ಅವರನ್ನ ಸುಮ್ನೆ ನೋಡಿದ್ರು. ಮಳೆ ಕಳೀಲಿ ನೋಡ್ವಾ ಅಂತ ಮುಂದಿನ ಮೀಟಿಂಗಿಗೆ ಹಾಕಿದ್ದಾರೆ. ಮಳೆ ಕಳೆದಮೇಲೆ ಮಾಡು ಯಾರಿಗೆ ಬೇಕು ಅಂತ ನಾನು ಕೇಳಿದೆ, ಅಷ್ಟೊತ್ತಿಗೆ ಚಾ ಬಂತು.

ಬೆಂಚು ಎರಡು ಹಾಲ್ ಒಳಗೆ ಇವೆ, ಕೀ ಇಗರ್ಜಿ ನೋಡ್ಕೊಳ್ಳೂ ಸಕ್ರಿಸ್ತಾನನ ಹತ್ರ.